ಕೂದಲೆಳೆಯ ಲೆಕ್ಕ

ಕಳೆದ ಬೇಸಿಗೆ ರಜೆಯಲ್ಲಿ ಅಕ್ಕನ ಮನೆಗೆ ಹೋದಾಗ ಊಟದ ಮೇಜಿನ ಅರ್ಧ ಭಾಗವನ್ನು ಒಂದು ಹಡಗು ಆಕ್ರಮಿಸಿಕೊಂಡಿತ್ತು. ಉದ್ದ ಸುಮಾರು ಎರಡೂಕಾಲು ಅಡಿ. ಒಂಬತ್ತನೆಯ ತರಗತಿ ಮುಗಿಸಿದ್ದ ಅಕ್ಕನ ಮಗ ಅದರ ಪಕ್ಕದಲ್ಲಿ ಮುಖ ಸಪ್ಪೆ ಮಾಡಿಕೊಂಡು ಕುಳಿತಿದ್ದ. ಹಡಗಿನ ಒಡಲು ಮುಗಿದಿತ್ತು. ಡೆಕ್ಕಿಗೆ, ಅಂದರೆ ಮೇಲಟ್ಟಕ್ಕೆ, ಬೆಂಕಿಕಡ್ಡಿಗಿಂತ ತುಸು ಅಗಲವಾದ ಮರದ ಪಟ್ಟಿಗಳನ್ನು ಒಂದೊಂದಾಗಿ ಅಂಟಿಸುತ್ತಾ ಬಂದು ಅರ್ಧದಲ್ಲಿ ನಿಂತಿದ್ದ.

“ನೋಡು ಮಾಮ, ಎಡಗಡೆಯಿಂದ ಶುರು ಮಾಡಿದೆ. ಇಪ್ಪತ್ತನೇ ಹಲಗೆ ಸರಿಯಾಗಿ ನಡುಗೆರೆಗೆ ಬಂದು ನಿಲ್ಲಬೇಕಿತ್ತು. ಅರ್ಧ ಹಲಗೆಯಷ್ಟು ದಾಟಿಬಿಟ್ಟಿದೆ” ಎಂದ.

ಭಾವ ಪತ್ರಿಕೆಯಿಂದ ತಲೆ ಎತ್ತದೆಯೇ, “ಆ ಕಡೆ ಒಂದು ಸಣ್ಣ ಪಟ್ಟಿ ತುರುಕಿ ಮೇಲೆ ಬಣ್ಣ ಬಳಿ. ಯಾರು ಅಳತೆ ಹಿಡಿದು ನೋಡ್ತಾರೆ? ಬರೋ ವರ್ಷ ಎಸ್ಸೆಸ್ಸೆಲ್ಸಿ, ಅದರ ಕಡೆ ಗಮನ ಇರಲಿ” ಎಂದರು.

ನಾನು ಸ್ಕೇಲು ತರಿಸಿ ಪಟ್ಟಿಗಳನ್ನು ಅಳೆದೆ. ಹತ್ತು ಪಟ್ಟಿಗಳನ್ನು ಒತ್ತಾಗಿ ಜೋಡಿಸಿದರೆ 40 ಮಿಲಿಮೀಟರ್ ಆಗಬೇಕು. 41 ಆಯಿತು. ಒಂದೊಂದು ಪಟ್ಟಿಯೂ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು ದಪ್ಪ, ಹೆಚ್ಚುಕಮ್ಮಿ ಒಂದು ಕೂದಲೆಳೆ. ಇಪ್ಪತ್ತು ಪಟ್ಟಿಗೆ ಎರಡು ಮಿಲಿಮೀಟರ್. ಅರ್ಧ ಹಲಗೆ!

ಬಣ್ಣ ಬಳಿಯುವುದೋ, ಮೂರು ವಾರದ ಕೆಲಸವನ್ನು ಕಿತ್ತುಹಾಕುವುದೋ? ಹುಡುಗ ನನ್ನ ಮುಖ ನೋಡಿದ. ಉತ್ತರ ಕೊಡುವ ಮೊದಲು ಅವನಿಗೆ ಹೇಳಿದ ಒಂದೆರಡು ಸಂಗತಿಗಳನ್ನು ನಿಮಗೂ ಹೇಳುತ್ತೇನೆ.

ಮುಂಬಯಿಯ ಹಡಗು

ಅವನು ಮಾಡುತ್ತಿದ್ದುದು ‘ಟ್ರಿಂಕೋಮಲಿ’ ಎಂಬ ಯುದ್ಧನೌಕೆಯ ಮಾದರಿ. ಹೆಸರು ಲಂಕೆಯ ಬಂದರಿನದು, ನೌಕೆ ಬ್ರಿಟಿಷರದು, ಕಟ್ಟಿದ್ದು ಮಾತ್ರ ಮುಂಬಯಿಯಲ್ಲಿ. ವಾಡಿಯಾ ಮನೆತನದ ಪಾರಸಿ ಕುಶಲಕರ್ಮಿಗಳು ಮಲಬಾರಿನ ತೇಗದಲ್ಲಿ ಕಟ್ಟಿ 1817ರ ಅಕ್ಟೋಬರಿನಲ್ಲಿ ನೀರಿಗಿಳಿಸಿದ ಹಡಗು ಇದು. ಇದರ ನಕ್ಷೆಗಳನ್ನು ಮೊದಲು ಹೊತ್ತು ತಂದ ‘ಜಾವಾ’ ಎಂಬ ನೌಕೆ 1812ರಲ್ಲಿ ಅಮೆರಿಕದ ‘ಕಾನ್‌ಸ್ಟಿಟ್ಯೂಷನ್’ ನೌಕೆಯ ಕೈಯಲ್ಲಿ ಸೋತು ನಾಶವಾಯಿತು. ನಕ್ಷೆಗಳನ್ನು ಮತ್ತೆ ಕಳಿಸಬೇಕಾಯಿತು. ಸುಮಾರು 150 ಅಡಿ ಉದ್ದ, 40 ಅಡಿ ಅಗಲದ ಈ ಹಡಗು ಮುಂದೆ ‘ಫೂದ್ರುವಾಯಾಂ’ ಎಂಬ ಹೆಸರಿನಲ್ಲಿ ಬಹುಕಾಲ ಹುಡುಗರಿಗೆ ನೌಕಾ ತರಬೇತಿ ಕೊಡುವ ಶಾಲೆಯಾಗಿತ್ತು. ಇಂಗ್ಲೆಂಡಿನ ಹಾರ್ಟಲ್‌ಪೂಲಿನಲ್ಲಿ 1990ರಿಂದ 2001ರವರೆಗೆ ದುರಸ್ತಿ ನಡೆದು, ಹಳೆಯ ಹೆಸರನ್ನು ಮರಳಿ ಪಡೆದು, ಇಂದಿಗೂ ಅಲ್ಲಿ ನೀರಿನ ಮೇಲೆ ನಿಂತಿದೆ.

ಇಂಥ ಹಡಗಿನಲ್ಲಿ ಡೆಕ್ಕು ಎಂದರೆ ಬರೀ ಓಡಾಡುವ ನೆಲವಲ್ಲ, ಅದು ಕೆಳಗಿನವರ ಮನೆಯ ಛಾವಣಿ ಕೂಡ. ಅದಕ್ಕೇ ನಡುವೆ ತುಸು ಉಬ್ಬಾಗಿ ಎರಡೂ ಬದಿಗೆ ಇಳಿಜಾರಾಗಿರುತ್ತದೆ, ಬಿದ್ದ ನೀರು ಹರಿದುಹೋಗಬೇಕಲ್ಲ. ಸೋರಿದರೆ ಕಡಲ ನೀರಿಗಿಂತ ಮಳೆನೀರೇ ಹೆಚ್ಚು ಅಪಾಯ. ಉಪ್ಪು ಮರವನ್ನು ಒಂದಿಷ್ಟು ಕಾಪಾಡುತ್ತದೆ, ಸಿಹಿನೀರು ಕೊಳೆಸುತ್ತದೆ. ಆದ್ದರಿಂದ ಹಲಗೆಗಳ ನಡುವಿನ ಸಂದಿಗೆ ಹಳೆಯ ಹಗ್ಗವನ್ನು ಬಿಡಿಸಿ ತೆಗೆದ ನಾರನ್ನು ಉಳಿಯಂಥ ಹತಾರದಿಂದ ಬಡಿದು ತುಂಬಿ, ಮೇಲೆ ಕಾಯಿಸಿದ ಕರಿ ರಾಳ ಹೊಯ್ಯುತ್ತಿದ್ದರು. ಹಗ್ಗ ಬಿಡಿಸುವ ಆ ಬೇಸರದ ಕೆಲಸ 19ನೆಯ ಶತಮಾನದ ಇಂಗ್ಲೆಂಡಿನಲ್ಲಿ ಕೈದಿಗಳ ಪಾಲಿಗೆ ಬರುತ್ತಿತ್ತು. ಡೆಕ್ಕಿನ ಮೇಲೆ ಕಾಣುವ ಕಪ್ಪು ಗೆರೆಗಳ ಹಿಂದೆ ಇಷ್ಟು ಕಥೆಯಿದೆ.

ಅರವತ್ತನಾಲ್ಕರ ಮಗ್ಗಿ

ಮಾದರಿ ಮಾಡುವವರು ಈ ಎಲ್ಲವನ್ನೂ ಒಂದು ಅನುಪಾತದಲ್ಲಿ ಕುಗ್ಗಿಸಬೇಕು. ನಮ್ಮ ಹುಡುಗನದು 64ರಲ್ಲಿ ಒಂದು ಭಾಗ. ನಿಜವಾದ ಹಲಗೆ 10 ಅಂಗುಲ ಅಗಲವಿದ್ದರೆ ಮಾದರಿಯಲ್ಲಿ 4 ಮಿಲಿಮೀಟರ್. 25 ಅಡಿ ಉದ್ದದ ಹಲಗೆ ಸುಮಾರು 120 ಮಿಲಿಮೀಟರ್. ಕಾಲಂಗುಲದ ಸಂದಿ? ಮಿಲಿಮೀಟರಿನ ಹತ್ತನೇ ಒಂದು ಭಾಗ! ಹೊಸಬರು ಸಂದಿ ಎದ್ದು ಕಾಣಲೆಂದು ಅರ್ಧ ಮಿಲಿಮೀಟರಿನ ಕಪ್ಪು ದಾರ ಇಡುತ್ತಾರೆ. ಲೆಕ್ಕ ಹಾಕಿ ನೋಡಿ, ನಿಜವಾದ ಹಡಗಿನಲ್ಲಿ ಅದು ಒಂದೂಕಾಲು ಅಂಗುಲದ ಬಿರುಕು. ಡೆಕ್ಕು ಪಟ್ಟೆಪಟ್ಟೆ ಜಮಖಾನದಂತೆ ಕಾಣುತ್ತದೆ. ಅದರ ಬದಲು ಪ್ರತಿ ಪಟ್ಟಿಯ ಒಂದೇ ಒಂದು ಅಂಚಿಗೆ ಮೆತ್ತನೆಯ ಕಪ್ಪು ಪೆನ್ಸಿಲು ಉಜ್ಜಿದರೆ ಸಾಕು.

ಮರದ ಆಯ್ಕೆಯಲ್ಲೂ ಇದೇ ಲೆಕ್ಕ. ನಿಜವಾದ ಹಡಗು ತೇಗದ್ದಾದರೂ ಮಾದರಿಗೆ ತೇಗ ಒಪ್ಪುವುದಿಲ್ಲ. ಅದರ ರಂಧ್ರಗಳು ಕಣ್ಣಿಗೆ ಕಾಣುವಷ್ಟು ದೊಡ್ಡವು, ಮರವನ್ನು ಕುಗ್ಗಿಸಬಹುದು, ರಂಧ್ರವನ್ನು ಕುಗ್ಗಿಸಲಾಗದು. ನಯವಾದ, ತೆಳು ಬಣ್ಣದ ಮರ ಬೇಕು. ನಮ್ಮ ಚನ್ನಪಟ್ಟಣದ ಗೊಂಬೆಗಳಿಗೆ ಬಳಸುವ ಹಾಲೆ ಮರ ಅಂಥದು.

ಎರಡು, ಎರಡು, ಎರಡು

ಈಗ ಜೋಡಣೆಗೆ ಬರೋಣ. 25 ಅಡಿಯ ಹಲಗೆಗಳಿಂದ 150 ಅಡಿ ತುಂಬಬೇಕೆಂದರೆ ಒಂದರ ತುದಿಗೆ ಇನ್ನೊಂದನ್ನು ಇಡಲೇಬೇಕು. ಗಾರೆಯವರು ಗೋಡೆ ಕಟ್ಟುವುದನ್ನು ನೋಡಿದ್ದೀರಲ್ಲ? ಇಟ್ಟಿಗೆಯ ಕೂಡಿಕೆಗಳು ಒಂದರ ಮೇಲೊಂದು ಬರಲು ಬಿಡುವುದಿಲ್ಲ, ಬಂದರೆ ಗೋಡೆ ಅಲ್ಲೇ ಸೀಳುತ್ತದೆ. ಹಡಗಿನಲ್ಲೂ ಹಾಗೆಯೇ. ಜೊತೆಗೆ, ಪ್ರತಿ ಕೂಡಿಕೆಯೂ ಕೆಳಗಿನ ಅಡ್ಡತೊಲೆಯ ಮೇಲೆಯೇ ಬರಬೇಕು, ಇಲ್ಲದಿದ್ದರೆ ಮೊಳೆ ಹೊಡೆಯುವುದೆಲ್ಲಿಗೆ?

ಒಂದು ಹಲಗೆಯ ಉದ್ದದಲ್ಲಿ ಐದೈದು ಅಡಿಗೆ ಒಂದರಂತೆ ಐದು ತೊಲೆಗಳಿವೆ ಎನ್ನಿ. ಮಾದರಿಯಲ್ಲಿ 24 ಮಿಲಿಮೀಟರಿಗೊಂದು ಗೆರೆ. ಅವುಗಳಿಗೆ 1ರಿಂದ 5ರವರೆಗೆ ಸಂಖ್ಯೆ ಕೊಡಿ, ಮುಂದೆ ಮತ್ತೆ 1ರಿಂದ ಎಣಿಸಿ. ಮೊದಲ ಸಾಲಿನ ಕೂಡಿಕೆ 1ರ ಮೇಲೆ, ಎರಡನೆಯದು 2ರ ಮೇಲೆ, ಮೂರನೆಯದು 3ರ ಮೇಲೆ ಇಟ್ಟರೆ ಮೆಟ್ಟಿಲಿನಂತಾಗಿ ಅಕ್ಕಪಕ್ಕದ ಕೂಡಿಕೆಗಳು ತೀರ ಹತ್ತಿರವಾಗುತ್ತವೆ. ಅದರ ಬದಲು ಎರಡೆರಡು ಕೂಡುತ್ತಾ ಹೋಗಿ, ಐದು ದಾಟಿದರೆ ಐದು ಕಳೆಯಿರಿ. 1, 3, 5, 2, 4, ಮತ್ತೆ 1. ಈಗ ಯಾವುದೇ ಎರಡು ಪಕ್ಕದ ಸಾಲುಗಳ ಕೂಡಿಕೆಗಳ ನಡುವೆ ಎರಡು ತೊಲೆಗಳ ಅಂತರ ಇದ್ದೇ ಇರುತ್ತದೆ. ಒಂದೇ ತೊಲೆಯ ಮೇಲೆ ಮತ್ತೆ ಕೂಡಿಕೆ ಬರುವ ಹೊತ್ತಿಗೆ ನಡುವೆ ನಾಲ್ಕು ಇಡೀ ಹಲಗೆಗಳು ಕಾವಲಿರುತ್ತವೆ. ಮಾದರಿಕಾರರು ಮೆಚ್ಚಿಕೊಂಡಿರುವ ಕ್ರಮ ಇದು. ಆರು ತೊಲೆಗಳಿದ್ದರೆ ಎರಡೆರಡು ಕೂಡುವ ಉಪಾಯ ಏಕೆ ಕೆಡುತ್ತದೆ? ಉತ್ತರವನ್ನು ಕಾಗದದ ಮೇಲೆ ನೀವೇ ಕಂಡುಕೊಳ್ಳಿ. ಗಣಿತದ ಮೇಷ್ಟರಿಗೂ ಇಷ್ಟವಾದೀತು.

ಹಡಗಿನ ಮೂತಿಯ ಕಡೆ ಡೆಕ್ಕು ಕಿರಿದಾಗುತ್ತಾ ಬಂದಂತೆ ಹಲಗೆಗಳ ತುದಿ ಓರೆಯಾಗಿ ಸೂಜಿಯಂತೆ ಚೂಪಾಗುತ್ತದೆ. ಚೂಪು ತುದಿಗೆ ಮೊಳೆ ಹೊಡೆದರೆ ಸೀಳುತ್ತದೆ, ನಾರು ಬಡಿದರೆ ಮುರಿಯುತ್ತದೆ. ಅದಕ್ಕೆ ಬಡಗಿಗಳು ಸುಮಾರು ಅರ್ಧ ಅಗಲ ಉಳಿಯುವಂತೆ ತುದಿಯನ್ನು ಮೊಂಡಾಗಿ ಕತ್ತರಿಸಿ, ಅಂಚಿನ ಹಲಗೆಯಲ್ಲಿ ಅದಕ್ಕೆ ತಕ್ಕ ಕಚ್ಚು ಮಾಡಿ ಕೂರಿಸುತ್ತಿದ್ದರು. ಮಾದರಿಯಲ್ಲಿ ಕೈ ನಡುಗುವ ಜಾಗ ಇದು. ಮೊದಲು ಕಾಗದದಲ್ಲಿ ಕತ್ತರಿಸಿ ನೋಡಿ, ಆಮೇಲೆ ಮರಕ್ಕೆ ಬ್ಲೇಡು ಹಾಕಿ.

ಕಿತ್ತು ಮತ್ತೆ ಹಾಕಿದ್ದು

ಇಷ್ಟು ಹೇಳಿದ ಮೇಲೆ ಹುಡುಗ ತಾನಾಗಿಯೇ, “ಕೀಳ್ತೀನಿ ಮಾಮ” ಎಂದ. ಮರಗೆಲಸದ ಬಿಳಿ ಅಂಟು ಐಸೊಪ್ರೊಪೈಲ್ ಆಲ್ಕೋಹಾಲಿಗೆ ಮೆತ್ತಗಾಗುತ್ತದೆ. ಕಿಟಕಿ ತೆರೆದಿಟ್ಟು, ಒಲೆಯಿಂದ ದೂರ ಕೂತು, ಹತ್ತಿಯಲ್ಲಿ ಅದ್ದಿ ಒತ್ತಿದೆವು. ಹಿರಿಯರು ಜೊತೆಗಿಲ್ಲದೆ ಮಕ್ಕಳು ಇದನ್ನು ಮಾಡಬಾರದು. ಪಟ್ಟಿಗಳು ಒಂದೊಂದಾಗಿ ಎದ್ದು ಬಂದವು. ಇಪ್ಪತ್ತು ಪಟ್ಟಿ ಕೀಳಲು ಒಂದು ಸಂಜೆ. ಮೂರು ವಾರದ ಕೆಲಸ ತಟ್ಟೆಯಲ್ಲಿ ರಾಶಿ ಬಿದ್ದಾಗ ಅಕ್ಕನಿಗೇ ಅಳು ಬಂದಂತಾಯಿತು.

ಎರಡನೆಯ ಸಲ ನಡುಗೆರೆಯಿಂದ ಶುರು. ಎಡಕ್ಕೊಂದು, ಬಲಕ್ಕೊಂದು. ತಪ್ಪು ನುಸುಳಿದರೂ ಎರಡೂ ಕಡೆಗೆ ಹಂಚಿಹೋಗುತ್ತದೆ, ಕೊನೆಗೆ ಅಂಚಿನಲ್ಲಿ ಮುಚ್ಚಿಹೋಗುತ್ತದೆ. ಪ್ರತಿ ಪಟ್ಟಿಯನ್ನೂ ಸ್ಯಾಂಡ್ ಪೇಪರಿಗೆ ಎರಡೆಳೆ ಉಜ್ಜಿ ಅಳತೆಗೆ ತಂದ. ಐದು ಸಾಲಿಗೊಮ್ಮೆ ಸ್ಕೇಲು ಇಟ್ಟು ನೋಡಿದ. ಎಲ್ಲ ಮುಗಿದ ಮೇಲೆ ಮೇಲ್ಮೈಯನ್ನು ಬ್ಲೇಡಿನಿಂದ ಕೆರೆದು ನಯ ಮಾಡಿದ. ಕಾಗದದಿಂದ ಉಜ್ಜಿದರೆ ಪೆನ್ಸಿಲಿನ ಕಪ್ಪು ಪುಡಿ ಬಿಳಿ ಮರಕ್ಕೆಲ್ಲ ಮೆತ್ತಿಕೊಳ್ಳುತ್ತದೆ.

ತಂದೆತಾಯಂದಿರಿಗೆ ಒಂದು ಮಾತು. ಹಡಗು ಮಾಡಿದ್ದಕ್ಕೆ ಪರೀಕ್ಷೆಯಲ್ಲಿ ಅಂಕ ಬರುವುದಿಲ್ಲ, ನಿಜ. ಆದರೆ ಲೆಕ್ಕದ ಮೂರನೆಯ ಸಾಲಿನಲ್ಲಿ ಆದ ಸಣ್ಣ ತಪ್ಪು ಹತ್ತನೆಯ ಸಾಲಿನಲ್ಲಿ ಎಷ್ಟಾಗುತ್ತದೆ ಎಂಬುದನ್ನು ಕಣ್ಣಾರೆ ಕಂಡ ಮಗು, ಹಿಂದಕ್ಕೆ ಹೋಗಿ ತಿದ್ದಲು ಹಿಂಜರಿಯುವುದಿಲ್ಲ. ನೀವು ಮೇಜಿನ ಒಂದು ಮೂಲೆ ಬಿಟ್ಟುಕೊಡಿ, ಬ್ಲೇಡು ಹಿಡಿಯುವ ರೀತಿ ಹೇಳಿಕೊಡಿ. ‘ಯಾರು ನೋಡ್ತಾರೆ’ ಎಂಬ ಮಾತನ್ನು ಮಾತ್ರ ಆಡಬೇಡಿ. ಮಾಡಿದವನು ದಿನಾ ನೋಡುತ್ತಿರುತ್ತಾನೆ.

ಹೋದ ತಿಂಗಳು ಭಾವ ಬೇರೇನೋ ಕೆಲಸಕ್ಕೆ ಫೋನು ಮಾಡಿದ್ದರು. ಮಾತು ಮುಗಿದ ಮೇಲೂ ಇಡಲಿಲ್ಲ. ಸ್ವಲ್ಪ ತಡೆದು, “ಡೆಕ್ಕು ಮುಗೀತು ಕಣಯ್ಯ” ಎಂದರು. “ರಾತ್ರಿ ಅವನು ಮಲಗಿದ ಮೇಲೆ ಬೆರಳಾಡಿಸಿ ನೋಡಿದೆ. ಎಲ್ಲೂ ಉಗುರಿಗೆ ಸಿಗೋದಿಲ್ಲ.”