ಕಾಲೇಜು ಮೇಷ್ಟ್ರಿಗೂ ಪಾಠ ಬೇಕು

ಒಂದನೇ ಕ್ಲಾಸಿನ ಮಗುವಿಗೆ ಅ ಆ ಇ ಈ ತಿದ್ದಿಸಬೇಕಾದರೆ ಈ ದೇಶದಲ್ಲಿ ಡಿ.ಎಡ್. ಆಗಿರಬೇಕು. ಹೈಸ್ಕೂಲಿಗೆ ಬಿ.ಎಡ್. ಬೇಕು. ಲಾರಿ ಓಡಿಸೋನಿಗೂ ಲೈಸೆನ್ಸು ಬೇಕು. ಆದರೆ ಡಿಗ್ರಿ ಕಾಲೇಜಿನಲ್ಲಿ ನಿಂತು ಪಾಠ ಹೇಳುವವನಿಗೆ ಪಾಠ ಹೇಳೋದು ಬರುತ್ತದೋ ಇಲ್ಲವೋ ಎಂದು ಯಾರೂ ಕೇಳುವುದಿಲ್ಲ. ಎಂ.ಎ. ಆಗಿರಬೇಕು, ನೆಟ್ಟೋ ಕೆಸೆಟ್ಟೋ ಪಿಎಚ್.ಡಿ.ಯೋ ಇರಬೇಕು, ಮುಗೀತು. ನೆಟ್‌ನ ಮೊದಲ ಪತ್ರಿಕೆಯಲ್ಲಿ ಬೋಧನಾ ಸಾಮರ್ಥ್ಯ ಅಂತ ಒಂದು ಭಾಗ ಇದೆಯಲ್ಲಾ ಎನ್ನಬಹುದು. ಇದೆ. ಅದು ನಾಲ್ಕು ಉತ್ತರದಲ್ಲಿ ಒಂದನ್ನು ಗುರುತಿಸುವ ಸಾಮರ್ಥ್ಯ. ಎದುರಿಗೆ ಕೂತ ನೂರು ಮುಖಗಳಲ್ಲಿ ಯಾವುದಕ್ಕೆ ಅರ್ಥವಾಗಿಲ್ಲ ಎಂದು ಗುರುತಿಸುವುದು ಬೇರೆ.

ಯಾಕೆ ಹೀಗೆ ಅಂದರೆ, ಈ ಕಾಲೇಜು ಅನ್ನುವುದು ಮೊದಲಿಗೆ ನಮಗಾಗಿ ಕಟ್ಟಿದ್ದಲ್ಲ. ಮನೆಯಲ್ಲಿ ಅಜ್ಜನ ಕಾಲದಿಂದ ಪುಸ್ತಕ ಇದ್ದವರು ಅಲ್ಲಿಗೆ ಬರುತ್ತಿದ್ದರು. ಮೇಷ್ಟ್ರು ಚೆನ್ನಾಗಿ ಹೇಳಿದರೂ ಕಲಿಯುತ್ತಿದ್ದರು, ಹೇಳದಿದ್ದರೂ ಕಲಿಯುತ್ತಿದ್ದರು. ಬಿಟ್ಟದ್ದನ್ನು ತುಂಬುವುದಕ್ಕೆ ಅಪ್ಪ ಇದ್ದ, ಅಣ್ಣ ಇದ್ದ, ಜಗಲಿ ಇತ್ತು. ಈಗ ಕಾಲೇಜಿಗೆ ಬಂದಿರುವುದು ಹೆಬ್ಬೆಟ್ಟಿನ ಮಕ್ಕಳು. ನನ್ನ ಮನೆಯಲ್ಲಿ ನನ್ನ ಡಿಗ್ರಿ ಸರ್ಟಿಫಿಕೇಟನ್ನು ಓದಬಲ್ಲವನು ನಾನೊಬ್ಬನೇ. ನಮ್ಮಂಥವರಿಗೆ ಮೇಷ್ಟ್ರು ಕ್ಲಾಸಿನಲ್ಲಿ ಬಿಟ್ಟದ್ದು ಬದುಕಿನಲ್ಲೇ ಬಿಟ್ಟುಹೋದಂತೆ. ಬೋಧನೆ ಸುಧಾರಿಸಬೇಕೆನ್ನುವ ಮಾತು ಉಳಿದವರಿಗೆ ಸೆಮಿನಾರಿನ ವಿಷಯ ಇರಬಹುದು. ನಮಗೆ ಇದು ಹಸಿವಿನಷ್ಟೇ ನಿಜವಾದ ಮಾತು.

ಸರ್ಕಾರಕ್ಕೆ ಈ ಕೊರತೆ ಕಂಡೇ ಇಲ್ಲವೆಂದು ಹೇಳಿದರೆ ಸುಳ್ಳಾಗುತ್ತದೆ. 1986ರ ರಾಷ್ಟ್ರೀಯ ಶಿಕ್ಷಣ ನೀತಿ ಬಂದ ಮೇಲೆ ಯುಜಿಸಿ ವಿಶ್ವವಿದ್ಯಾಲಯಗಳಲ್ಲಿ ಅಕಾಡೆಮಿಕ್ ಸ್ಟಾಫ್ ಕಾಲೇಜುಗಳನ್ನು ತೆರೆಯಿತು. ನಮ್ಮಲ್ಲಿ ಮೈಸೂರು, ಬೆಂಗಳೂರು, ಧಾರವಾಡದಲ್ಲಿ ಬಂದವು. ಹೊಸ ಮೇಷ್ಟ್ರಿಗೆ ಓರಿಯಂಟೇಶನ್, ಹಳೇ ಮೇಷ್ಟ್ರಿಗೆ ರಿಫ್ರೆಶರ್. ಆಮೇಲೆ ಆ ಬೋರ್ಡು ಒರೆಸಿ ಮಾನವ ಸಂಪನ್ಮೂಲ ಅಭಿವೃದ್ಧಿ ಕೇಂದ್ರ ಎಂದು ಬರೆದರು. 2023ರ ಸೆಪ್ಟೆಂಬರ್ 5ರಂದು ಮಾಳವೀಯ ಮಿಷನ್ ಶಿಕ್ಷಕರ ತರಬೇತಿ ಎಂದು ಮತ್ತೊಂದು ಹೆಸರು ಬಂತು. ಈ ದೇಶದಲ್ಲಿ 1848ರಲ್ಲಿ ಶೂದ್ರ, ಅತಿಶೂದ್ರ, ಹೆಣ್ಣುಮಕ್ಕಳ ಕಲಿಕೆಗೆ ಇಳಿದು ಸಗಣಿ ಮಣ್ಣು ಎಸೆಸಿಕೊಂಡ ಸಾವಿತ್ರಿಬಾಯಿಯ ಹೆಸರು ಶಿಕ್ಷಕರ ತರಬೇತಿಗೆ ಇಡಬಹುದೆಂದು ದೆಹಲಿಯಲ್ಲಿ ಯಾರಿಗೂ ತೋಚಲಿಲ್ಲ.

ಹೆಸರು ಏನಾದರೂ ಇರಲಿ, ಒಳಗೇನಿದೆ? ಒಳಗೆ ಬಡ್ತಿ ಇದೆ. 2018ರ ಯುಜಿಸಿ ನಿಯಮದಲ್ಲಿ ಸಹಾಯಕ ಪ್ರಾಧ್ಯಾಪಕ ಹತ್ತನೇ ಹಂತದಿಂದ ಹನ್ನೊಂದನೇ ಹಂತಕ್ಕೆ ಏರಬೇಕಾದರೆ 21 ದಿನದ ಓರಿಯಂಟೇಶನ್ ಮಾಡಿರಬೇಕು. ಯಾವತ್ತು ತರಬೇತಿಯನ್ನು ಸಂಬಳದ ಮೆಟ್ಟಿಲಿಗೆ ಕಟ್ಟಿದರೋ ಅವತ್ತೇ ಅದು ಟೋಲ್‌ಗೇಟ್ ಆಯಿತು. ಟೋಲ್ ಕಟ್ಟಿದವನು ರಸ್ತೆಯ ಬಗ್ಗೆ ಯೋಚಿಸುವುದಿಲ್ಲ, ರಶೀದಿ ಜೋಪಾನ ಮಾಡುತ್ತಾನೆ. ಈಗಂತೂ ಬಹಳಷ್ಟು ಆನ್‌ಲೈನ್. ಮೊಬೈಲು ಒಂದು ಕಡೆ, ಮೇಷ್ಟ್ರು ಒಂದು ಕಡೆ. ಕೊನೆಗೆ ಇಬ್ಬರಿಗೂ ಸೇರಿ ಒಂದು ಸರ್ಟಿಫಿಕೇಟು. ಕ್ಲಾಸಿನಲ್ಲಿ ಏನು ಬದಲಾಯಿತು ಅಂತ ತಿರುಗಿ ಬಂದು ನೋಡಿದವರು ಯಾರು? ಮೇಷ್ಟ್ರು ತರಬೇತಿಗೆ ಹೋಗಿ ಬಂದದ್ದು ಹುಡುಗರಿಗೆ ಗೊತ್ತಾಗುವುದು ಪಾಠದಿಂದಲ್ಲ, ಅಷ್ಟು ದಿನ ಕ್ಲಾಸು ನಡೆಯದಿದ್ದುದರಿಂದ.

ಇನ್ನು ನಮ್ಮ ನೆಲಕ್ಕೆ ಬರೋಣ. ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ಈ ನಾಲ್ಕೂ ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಇದರಲ್ಲಿ ಎರಡು, ಪಾವಗಡ ಮತ್ತು ಕೊರಟಗೆರೆ, ಪರಿಶಿಷ್ಟ ಜಾತಿಯ ಮೀಸಲು ಕ್ಷೇತ್ರಗಳು. ಮಳೆ ಕೈಕೊಡುವ ಸೀಮೆ, ಕಡಲೆಕಾಯಿ ಸೀಮೆ, ಗುಳೆ ಹೋಗುವ ಸೀಮೆ. ಪಾವಗಡದ ತಿರುಮಣಿ ಸುತ್ತ 13 ಸಾವಿರ ಎಕರೆಯಲ್ಲಿ 2,050 ಮೆಗಾವಾಟಿನ ಸೋಲಾರ್ ಪಾರ್ಕು ಎದ್ದಿದೆ. ಜಮೀನು ಇದ್ದವನಿಗೆ ಎಕರೆಗೆ ಇಷ್ಟು ಅಂತ ಗುತ್ತಿಗೆ ದುಡ್ಡು ಬಂತು. ಜಮೀನಿಲ್ಲದ ಕೂಲಿಯವನಿಗೆ ಕಳೆ ಕೀಳುವ ಕೆಲಸವೂ ಹೋಯಿತು. ಅವನ ಮಗ, ಮಗಳು ಬರುವುದು ಸರ್ಕಾರಿ ಪ್ರಥಮ ದರ್ಜೆ ಕಾಲೇಜಿಗೆ. ನಾಲ್ಕೂ ತಾಲೂಕಿನಲ್ಲಿ ಅವು ಇವೆ, 2004ರಲ್ಲಿ ಹುಟ್ಟಿದ ತುಮಕೂರು ವಿಶ್ವವಿದ್ಯಾಲಯಕ್ಕೆ ಸೇರಿವೆ.

ಈ ಶೈಕ್ಷಣಿಕ ಜಿಲ್ಲೆ ಅನ್ನುವುದು ಶಾಲೆಗಳ ಮಟ್ಟಿಗೆ ಮಾತ್ರ. ಪ್ರೈಮರಿ ಮೇಷ್ಟ್ರಿಗೆ ಡಯಟ್ ಉಂಟು, ತಾಲೂಕಿಗೊಂದು ಬಿ.ಆರ್.ಸಿ. ಉಂಟು, ಹೋಬಳಿ ಕಡೆ ಕ್ಲಸ್ಟರ್ ಮೀಟಿಂಗ್ ಉಂಟು. ಅವುಗಳ ಯೋಗ್ಯತೆ ಏನೇ ಇರಲಿ, ಊರ ಹತ್ತಿರ ಮೇಷ್ಟ್ರುಗಳು ಸೇರಿ ಪಾಠದ ಬಗ್ಗೆ ಮಾತಾಡುವ ಒಂದು ಜಾಗವಾದರೂ ಇದೆ. ಹತ್ತನೇ ಕ್ಲಾಸು ದಾಟಿ ಪಿಯುಸಿ, ಡಿಗ್ರಿ ಎಂದು ಬಂದರೆ ಆ ದಾರಿ ಅಲ್ಲಿಗೇ ನಿಲ್ಲುತ್ತದೆ. ಪಾವಗಡದ ಕಾಲೇಜು ಮೇಷ್ಟ್ರು ಕಲಿಯಬೇಕೆಂದರೆ ಬೆಂಗಳೂರಿನ ಬಸ್ಸು ಹತ್ತಬೇಕು.

ಆ ಬಸ್ಸು ಹತ್ತುವವರಾದರೂ ಯಾರು? ರಾಜ್ಯದ 400ಕ್ಕೂ ಹೆಚ್ಚು ಸರ್ಕಾರಿ ಪದವಿ ಕಾಲೇಜುಗಳು ನಡೆಯುತ್ತಿರುವುದು ಹತ್ತು ಸಾವಿರಕ್ಕೂ ಮೇಲ್ಪಟ್ಟ ಅತಿಥಿ ಉಪನ್ಯಾಸಕರ ಬೆನ್ನ ಮೇಲೆ. ಅತಿಥಿ! ಎಂಥಾ ಮರ್ಯಾದೆಯ ಮಾತು ನೋಡಿ. ಹತ್ತು ಹದಿನೈದು ವರ್ಷ ಮನೆ ಕೆಲಸವೆಲ್ಲ ಮಾಡಿದರೂ ಜಗಲಿ ಬಿಟ್ಟು ಒಳಗೆ ಬಿಡದ ಅತಿಥಿ. ವರ್ಷಕ್ಕೆ ಹತ್ತು ತಿಂಗಳ ಸಂಬಳ. 2022ರ ಜನವರಿವರೆಗೆ 11 ಸಾವಿರ, 13 ಸಾವಿರ ಇದ್ದದ್ದು ಆಗ 26 ಸಾವಿರದಿಂದ 32 ಸಾವಿರದವರೆಗೆ ಏರಿತು. ಅದರ ಜೊತೆಗೇ ವಾರದ ಕೆಲಸ 15 ಗಂಟೆಗೆ ಏರಿ, ಇಬ್ಬರ ಪಾಠ ಒಬ್ಬರ ಪಾಲಿಗೆ ಬಂದು, ಇನ್ನೊಬ್ಬರು ಬೀದಿಗೆ ಬಿದ್ದರು. 2023ರ ನವೆಂಬರಿನಲ್ಲಿ ತರಗತಿ ಬಹಿಷ್ಕರಿಸಿ, 2024ರ ಹೊಸ ವರ್ಷದ ದಿನ ತುಮಕೂರಿನ ಸಿದ್ಧಗಂಗಾ ಮಠದಿಂದ ಬೆಂಗಳೂರಿಗೆ ಕಾಲ್ನಡಿಗೆಯಲ್ಲಿ ಹೊರಟರು. ಅವರು ಕೇಳಿದ್ದು ಸೇವಾ ಭದ್ರತೆ. ಕೆಲಸವೇ ಗಟ್ಟಿಯಿಲ್ಲದವನಿಗೆ ಯಾವ ರಿಫ್ರೆಶರು? ಮೂರು ವಾರ ಹೋದರೆ ಆ ಗಂಟೆಗಳ ಲೆಕ್ಕ ಯಾರು ಕೊಡುತ್ತಾರೆ? ಬಡ್ತಿಯೇ ಇಲ್ಲದವನಿಗೆ ಬಡ್ತಿಗೆ ಕಟ್ಟಿದ ತರಬೇತಿ ಏತಕ್ಕೆ? ಹಾಗಾಗಿ ಹೆಚ್ಚು ಪಾಠ ಹೇಳುವವನಿಗೆ ತರಬೇತಿ ಇಲ್ಲ. ತರಬೇತಿ ಆದವನು ಬಡ್ತಿ ಸಿಕ್ಕಮೇಲೆ ಬೆಂಗಳೂರಿಗೋ ತುಮಕೂರಿಗೋ ವರ್ಗ ಮಾಡಿಸಿಕೊಳ್ಳುತ್ತಾನೆ. ನಡುವೆ ಉಳಿಯುವುದು ನಮ್ಮ ಹುಡುಗರು.

ಅವರ ಕ್ಲಾಸಿನೊಳಕ್ಕೆ ಸ್ವಲ್ಪ ಬಗ್ಗಿ ನೋಡಿ. ಪಾವಗಡದ ಹುಡುಗಿಗೆ ಮನೇಲಿ ತೆಲುಗು, ಸ್ಕೂಲಲ್ಲಿ ಕನ್ನಡ, ಬಿ.ಎಸ್ಸಿ.ಗೆ ಬಂದರೆ ಇಂಗ್ಲಿಷು. ಮೂರು ಭಾಷೆಯ ಹೊಳೆ ದಾಟಿಸಲು ದೋಣಿ ಬೇಡವೇ? ದೋಣಿಯ ಬದಲು ನೋಟ್ಸು ಕೊಡುತ್ತಾರೆ. ಮೇಷ್ಟ್ರು ಹಳೇ ಹಾಳೆ ನೋಡಿಕೊಂಡು ಹೇಳುತ್ತಾರೆ, ಹುಡುಗರು ತಲೆ ಬಗ್ಗಿಸಿ ಬರೆದುಕೊಳ್ಳುತ್ತಾರೆ. ಪರೀಕ್ಷೆಯಲ್ಲಿ ಅದೇ ಹಾಳೆ ವಾಪಸ್ಸು ಬರುತ್ತದೆ. ಈಗ ಪಿಪಿಟಿ ಬಂದಿದೆ, ಹಾಳೆ ಹೋಗಿ ಗೋಡೆ ಬಂತು ಅಷ್ಟೆ. ನಾನು ಓದಿದ ಕಾಲೇಜಿನಲ್ಲಿ ಒಬ್ಬರು ಮೂರು ವರ್ಷವೂ ಮುಂದಿನ ಎರಡು ಬೆಂಚಿನ ಮುಖ ಬಿಟ್ಟು ಬೇರೆ ಕಡೆ ನೋಡಲಿಲ್ಲ. ಸ್ಕಾಲರ್‌ಶಿಪ್ ಫಾರಂ ಬಂದ ದಿನ ಮಾತ್ರ ಹಿಂದಿನ ಬೆಂಚಿನವರ ಹೆಸರು ಅವರ ಬಾಯಲ್ಲಿ ಬರುತ್ತಿತ್ತು, ಎಲ್ಲರಿಗೂ ಕೇಳುವಂತೆ, ಜಾತಿ ಸಮೇತ.

2012ರಲ್ಲಿ ಯುಜಿಸಿಯೇ ನಿಯಮ ಮಾಡಿ, ಕ್ಲಾಸಿನಲ್ಲಿ ವಿದ್ಯಾರ್ಥಿಗಳ ಜಾತಿ ಹೆಸರು ಕೂಗುವುದು, ಇವರು ರಿಸರ್ವೇಶನ್ನಿನವರು ಎಂದು ಹಣೆಪಟ್ಟಿ ಹಚ್ಚುವುದು ತಾರತಮ್ಯ ಎಂದು ಬರೆಯಿತು. ನಮ್ಮ ಎಷ್ಟು ಸ್ಟಾಫ್ ರೂಮುಗಳಲ್ಲಿ ಆ ನಿಯಮವನ್ನು ಒಮ್ಮೆಯಾದರೂ ಗಟ್ಟಿಯಾಗಿ ಓದಿದ್ದಾರೆ? 2019ರ ಸೆಪ್ಟೆಂಬರಿನಲ್ಲಿ ಪಾವಗಡ ತಾಲೂಕಿನ ಒಂದು ಗೊಲ್ಲರಹಟ್ಟಿಯೊಳಕ್ಕೆ ಚಿತ್ರದುರ್ಗದ ಅಂದಿನ ಸಂಸದ ಎ. ನಾರಾಯಣಸ್ವಾಮಿಯವರನ್ನು ದಲಿತ ಎಂಬ ಕಾರಣಕ್ಕೆ ಬಿಡಲಿಲ್ಲ. ಪಾರ್ಲಿಮೆಂಟಿನ ಬಾಗಿಲು ತೆರೆದವನಿಗೆ ಹಟ್ಟಿಯ ಬಾಗಿಲು ಮುಚ್ಚಿತ್ತು. ಇಂಥ ಹಟ್ಟಿಯ ಹುಡುಗ, ಕಾಲೋನಿಯ ಹುಡುಗ ಒಂದೇ ಬೆಂಚಿನಲ್ಲಿ ಕೂರುವ ಜಾಗ ಈ ತಾಲೂಕುಗಳಲ್ಲಿ ಕಾಲೇಜು ಬಿಟ್ಟರೆ ಇನ್ನೆಲ್ಲಿದೆ? ಹಟ್ಟಿಯ ಹುಡುಗನೂ ಬಡವನೇ, ಅವನ ಅಪ್ಪನೂ ಹೆಬ್ಬೆಟ್ಟೇ. ಮುಟ್ಟಾದ ದಿನ ಹಟ್ಟಿಯ ಹೊರಗೆ ಉಳಿಯಬೇಕಾದ ಅವನ ತಂಗಿಗೆ ಅಟೆಂಡೆನ್ಸ್ ಶಾರ್ಟೇಜು. ಈ ಬೆಂಚಿನ ಮೇಲೆ ಏನು ನಡೆಯುತ್ತಿದೆ, ಅಲ್ಲಿ ಮಾತು ಹೇಗೆ ಹುಟ್ಟಿಸಬೇಕು ಎನ್ನುವುದು ಮೇಷ್ಟ್ರು ಕಲಿಯಬೇಕಾದ ಮೊದಲ ಪಾಠ.

ಮಾಳವೀಯ ಮಿಷನ್ನಿನ ಎಂಟು ವಿಷಯಗಳಲ್ಲಿ ವಿದ್ಯಾರ್ಥಿ ವೈವಿಧ್ಯ ಮತ್ತು ಒಳಗೊಳ್ಳುವ ಶಿಕ್ಷಣ ಅಂತ ಒಂದಿದೆ. ಅದರ ಪಕ್ಕದಲ್ಲೇ ಭಾರತೀಯ ಜ್ಞಾನ ಪರಂಪರೆ ಕೂತಿದೆ. ನಮ್ಮ ಕಿವಿಗೆ ಸೀಸ ಹೊಯ್ಯಬೇಕೆಂದ ಪರಂಪರೆಯೂ ಆ ಜ್ಞಾನದೊಳಗೆ ಬರುತ್ತದೋ ಎಂದು ಕೇಳುವ ಧೈರ್ಯ ಆ ಕ್ಲಾಸಿನಲ್ಲಿ ಯಾರಿಗಿದೆ? 2021ರಲ್ಲಿ ಕರ್ನಾಟಕ ಎನ್‌ಇಪಿ ಪದವಿಯನ್ನು ಎಲ್ಲರಿಗಿಂತ ಮೊದಲು ತಂದಿತು, 2024ರಲ್ಲಿ ಬಿಟ್ಟು ಮೂರು ವರ್ಷದ ಡಿಗ್ರಿಗೆ ಮರಳಿತು. ರಾಜ್ಯ ಬಿಟ್ಟ ನೀತಿಯ ಬಗ್ಗೆ ಕೇಂದ್ರದ ತರಬೇತಿ ಇನ್ನೂ ನಡೆಯುತ್ತದೆ. ಈ ಜಗ್ಗಾಟದಲ್ಲಿ ಸಿಲೆಬಸ್ಸು ಬದಲಾಯಿತು, ಪುಸ್ತಕ ಬದಲಾಯಿತು. ಹಿಂದಿನ ಬೆಂಚು ಇದ್ದಲ್ಲೇ ಇದೆ.

ಇಲ್ಲಿ ನಮ್ಮವರದೇ ಒಂದು ಮಾತಿಗೆ ಉತ್ತರ ಹೇಳಬೇಕು. ಕೆಲವು ಸಂಗಾತಿಗಳು ಹೇಳುತ್ತಾರೆ: ಈ ತರಬೇತಿ ಎಲ್ಲ ನಾಟಕ, ಮೊದಲು ಹುದ್ದೆ ತುಂಬಲಿ, ಸಂಬಳ ಕೊಡಲಿ, ಆಮೇಲೆ ಬೋಧನೆ ನೋಡಿಕೊಳ್ಳೋಣ. ಹುದ್ದೆ ತುಂಬಲೇಬೇಕು, ಅದರಲ್ಲಿ ನನ್ನದು ಎರಡು ಮಾತಿಲ್ಲ. ಆದರೆ ಖಾಯಂ ಮೇಷ್ಟ್ರ ಕ್ಲಾಸಿನಲ್ಲೂ ನಾವು ಹಿಂದೆಯೇ ಕೂತಿದ್ದೆವಲ್ಲ? ನಮ್ಮ ಜಾತಿಯ ಮೇಷ್ಟ್ರು ಬಂದ ಕೂಡಲೇ ಪಾಠ ತಾನಾಗಿ ಬರುತ್ತದೆಯೇ? ಅವರೂ ಅದೇ ನೋಟ್ಸಿನಲ್ಲಿ ಕಲಿತು ಬಂದವರು. ಸಾವಿತ್ರಿಬಾಯಿ ಪಾಠಕ್ಕೆ ನಿಲ್ಲುವ ಮೊದಲು ತಾನು ತರಬೇತಿ ಪಡೆದಳು, ಅದಕ್ಕಾಗಿ ಅಹಮದ್‌ನಗರಕ್ಕೆ ಹೋದಳು. ತನ್ನ ಜನರ ಮೇಲಿನ ಪ್ರೀತಿಯೊಂದೇ ಸಾಕು ಎಂದು ಅವಳು ತಿಳಿಯಲಿಲ್ಲ. 1918ರಲ್ಲಿ ಮುಂಬೈನ ಸಿಡೆನ್‌ಹ್ಯಾಮ್ ಕಾಲೇಜಿಗೆ ಪ್ರೊಫೆಸರ್ ಆಗಿ ಹೋದ ಬಾಬಾಸಾಹೇಬರು 1946ರಲ್ಲಿ ಸಿದ್ಧಾರ್ಥ ಕಾಲೇಜು ಕಟ್ಟಿದರು. ಕಲಿಸುವುದನ್ನು ಅವರು ಚಳವಳಿಯ ಹೊರಗಿಟ್ಟು ನೋಡಲಿಲ್ಲ. ತರಬೇತಿಯನ್ನು ನಾಟಕವೆಂದು ಬಿಟ್ಟುಕೊಟ್ಟರೆ ಅದು ನಾಟಕ ಆಡುವವರ ಕೈಯಲ್ಲೇ ಉಳಿಯುತ್ತದೆ. ಕಸಿದುಕೊಳ್ಳಬೇಕು.

ಆದ್ದರಿಂದ ನಾವು ಕೇಳಬೇಕಾದ್ದು ಇಷ್ಟು:

ಒಂದು, ತರಬೇತಿ ತಾಲೂಕಿಗೆ ಬರಲಿ. ನಾಲ್ಕು ಕಾಲೇಜುಗಳ ಮೇಷ್ಟ್ರುಗಳು ತಿಂಗಳಿಗೊಂದು ದಿನ ಒಮ್ಮೆ ಮಧುಗಿರಿಯಲ್ಲಿ, ಒಮ್ಮೆ ಸಿರಾದಲ್ಲಿ, ಹೀಗೆ ಸುತ್ತಿನಲ್ಲಿ ಸೇರಲಿ. ಇದಕ್ಕೆ ಕೋಟಿ ರೂಪಾಯಿ ಬೇಡ, ಬಸ್ ಚಾರ್ಜು ಮತ್ತು ಒಂದು ಊಟ ಸಾಕು.

ಎರಡು, ಅತಿಥಿ ಉಪನ್ಯಾಸಕರಿಗೆ ಮೊದಲ ಜಾಗ. ಕಲಿಯುವ ದಿನವೂ ಕೆಲಸದ ದಿನವೆಂದು ಲೆಕ್ಕವಾಗಲಿ, ಸಂಬಳ ಕಡಿತ ಬೇಡ.

ಮೂರು, ಒಬ್ಬರ ಕ್ಲಾಸಿನಲ್ಲಿ ಇನ್ನೊಬ್ಬರು ಹಿಂದಿನ ಬೆಂಚಿನಲ್ಲಿ ಒಂದು ಗಂಟೆ ಕೂರಲಿ. ಅಲ್ಲಿಂದ ಬೋರ್ಡು ಕಾಣುತ್ತದೆಯೇ, ಮಾತು ಕೇಳುತ್ತದೆಯೇ, ಅರ್ಥವಾಗುತ್ತದೆಯೇ ಎಂದು ನೋಡಲಿ. ಇದು ಇನ್‌ಸ್ಪೆಕ್ಷನ್ ಆಗಕೂಡದು, ರಿಪೋರ್ಟು ಮೇಲಕ್ಕೆ ಹೋಗಕೂಡದು.

ನಾಲ್ಕು, ಭಾಷೆ. ಮೊದಲ ಸೆಮಿಸ್ಟರಿನಲ್ಲಿ ವಿಷಯವನ್ನು ಕನ್ನಡದಲ್ಲಿ ಬಿಡಿಸಿ, ಪಾವಗಡದಲ್ಲಿ ಬೇಕಾದರೆ ತೆಲುಗಿನಲ್ಲೂ ಹೇಳಿ, ಅಲ್ಲಿಂದ ಇಂಗ್ಲಿಷಿಗೆ ಕೈಹಿಡಿದು ದಾಟಿಸುವ ವಿಧಾನವನ್ನು ಮೇಷ್ಟ್ರು ಕಲಿಯಲಿ. ಇಂಗ್ಲಿಷ್ ಬೇಡ ಅನ್ನುವುದು ಮೋಸ. ದಾಟಿಸದೆ ಇಂಗ್ಲಿಷಿಗೆ ನೂಕುವುದೂ ಮೋಸ.

ಐದು, ತರಬೇತಿಯಲ್ಲಿ ವಿದ್ಯಾರ್ಥಿಗಳು ಮಾತಾಡಲಿ. ಪಾಸಾದವರಷ್ಟೇ ಸಾಲದು, ಫೇಲಾದವರು, ಕಾಲೇಜು ಬಿಟ್ಟು ಗಾರ್ಮೆಂಟ್ಸಿಗೆ ಹೋದವರು ಬಂದು ಎಲ್ಲಿ ಕೈಬಿಟ್ಟಿತು ಎಂದು ಹೇಳಲಿ. ಪರಿಣತರ ಭಾಷಣಕ್ಕಿಂತ ಆ ಒಂದು ಗಂಟೆ ಹೆಚ್ಚು ಕಲಿಸುತ್ತದೆ.

ಆದೇಶ ಬರಲಿ ಎಂದು ಕಾಯಬೇಕಾಗಿಲ್ಲ. ಮೂರನೆಯದಕ್ಕೆ ಯಾವ ಸರ್ಕಾರದ ಸಹಿಯೂ ಬೇಡ, ಇಬ್ಬರು ಮೇಷ್ಟ್ರುಗಳ ಮನಸ್ಸು ಸಾಕು. ಈ ಪತ್ರಿಕೆ ಓದುವ ಉಪನ್ಯಾಸಕ ಗೆಳೆಯರೇ, ನಿಮ್ಮಲ್ಲಿ ಹಲವರು ನಮ್ಮ ಹಾಗೇ ಹಟ್ಟಿ, ಕೇರಿಗಳಿಂದ ಬಂದವರು, ಬೀದಿಯಲ್ಲಿ ನಮ್ಮ ಜೊತೆ ಘೋಷಣೆ ಕೂಗಿದವರು. ಬೀದಿಯಲ್ಲಿ ಕೂಗಿದ್ದನ್ನು ಕ್ಲಾಸಿನಲ್ಲಿ ಮಾಡಿ ತೋರಿಸಿ. ವಿದ್ಯಾರ್ಥಿ ಗೆಳೆಯರೇ, ಅರ್ಥವಾಗದಿದ್ದಾಗ ಎದ್ದು ನಿಂತು ‘ಸಾರ್, ಅರ್ಥ ಆಗ್ಲಿಲ್ಲ, ಇನ್ನೊಂದ್ಸಲ ಹೇಳಿ’ ಅನ್ನಿ. ನಗುವವರು ನಗಲಿ. ನಮ್ಮ ತಾತ ಮುತ್ತಾತಂದಿರಿಗೆ ಕೇಳುವ ಹಕ್ಕು ಇರಲಿಲ್ಲ. ನಮಗಿದೆ, ನಾಳೆ ಬೆಳಿಗ್ಗೆ ಮೊದಲನೇ ಪೀರಿಯಡ್ಡಿಂದಲೇ ಕೇಳೋಣ.