ಚೀಟಿಯಲ್ಲಿಲ್ಲದ್ದು ಚೀಲಕ್ಕೆ ಬೇಡ

ಬೆಂಗಳೂರಿನ ಕಲಾಸಿಪಾಳ್ಯದ ಚಿಕ್ಕ ಮನೆಗಳಲ್ಲಿ ಒಂದು ಡಬ್ಬ ಹೆಚ್ಚಾದರೂ ಮಲಗುವ ಜಾಗ ಅಷ್ಟು ಕಿರಿದಾಗುತ್ತದೆ. ನಮ್ಮದೂ ಅಂಥದ್ದೇ ಮನೆ. ಸಂಸಾರದ ದುಡ್ಡು ಸೋರುವುದು 20-30 ರೂಪಾಯಿಯ ಸಾಮಾನಿನಲ್ಲೇ ಎಂಬುದು ನನ್ನ ಗಟ್ಟಿ ನಂಬಿಕೆ.

ಬಸ್ ನಿಲ್ದಾಣ ದಾಟಿದರೆ ಕೆ.ಆರ್. ಮಾರ್ಕೆಟ್. ಆ ಮಾರುಕಟ್ಟೆಗೆ ಚೀಟಿ ಬರೆದುಕೊಂಡು, ಬಟ್ಟೆಚೀಲ ಹಿಡಿದು ಹೋಗುತ್ತೇನೆ. ಫುಟ್‌ಪಾತಿನಲ್ಲಿ ಪ್ಲಾಸ್ಟಿಕ್ ಬುಟ್ಟಿ, ಹೇರ್‌ಕ್ಲಿಪ್ಪು, ಮೊಬೈಲ್ ಕವರ್ ರಾಶಿ ಬಿದ್ದಿರುತ್ತವೆ. ಕಣ್ಣು ಹೋಗುತ್ತದೆ, ಕೈ ಹೋಗಬಾರದು. ದಿನಕ್ಕೆ 30 ರೂಪಾಯಿ ಉಳಿದರೆ ವರ್ಷಕ್ಕೆ 10,950. ನಮ್ಮಂಥವರ ಮನೆಯಲ್ಲಿ ಮಕ್ಕಳ ಪುಸ್ತಕ, ಯೂನಿಫಾರ್ಮಿಗೆ ಒದಗುವ ಹಣ ಅದು.

ಹತ್ತು ನಿಮಿಷದಲ್ಲಿ ಬಾಗಿಲಿಗೆ ತಂದುಕೊಡುವ ಆ್ಯಪ್‌ಗಳ ಮೇಲೆ ನನಗೆ ಸಿಟ್ಟಿದೆ. ಬೇಕೋ ಬೇಡವೋ ಎಂದು ಯೋಚಿಸುವ ಬಿಡುವನ್ನೇ ಅವು ಕಿತ್ತುಕೊಳ್ಳುತ್ತವೆ. ಚೀಟಿ ಬರೆಯುವಾಗ ಆ ಬಿಡುವು ಸಿಗುತ್ತದೆ. ಬರೆದದ್ದರಲ್ಲಿ ಎರಡು ಮೂರನ್ನು ಅಲ್ಲೇ ಹೊಡೆದುಹಾಕುತ್ತೇನೆ.

ಚೀಟಿಯಂತೆ ಚೀಲವೂ ಮನೆಯಿಂದಲೇ ಬರಬೇಕು. ಪ್ಲಾಸ್ಟಿಕ್ ಕೈಚೀಲವನ್ನು ರಾಜ್ಯ ಸರ್ಕಾರ 2016ರಲ್ಲೇ ನಿಷೇಧಿಸಿತು. ಮಾರ್ಕೆಟ್ಟಿನಲ್ಲಿ ಇಂದಿಗೂ ಕೇಳಿದರೆ ಕೊಡುತ್ತಾರೆ. ದಯವಿಟ್ಟು ಕೇಳಬೇಡಿ. ಡಬ್ಬದ ವಿಷಯದಲ್ಲೂ ಅಷ್ಟೇ: ಹೊಸದು ಕೊಳ್ಳುವ ಮುನ್ನ ಅಟ್ಟದ ಮೇಲಿನದನ್ನು ಇಳಿಸಿ, ತೊಳೆದು, ಬಳಸಿ.