ಕಾಯುವವರ ಸರದಿ

ಕನ್ನಡ ಮೇಷ್ಟರಿಗೆ ಗಣಕದ ಗೊಡವೆಯೇಕೆ ಎನ್ನಬಹುದು. ಗುಂಡ್ಲುಪೇಟೆ ತಾಲ್ಲೂಕಿನ ಹಿಮವದ್ ಗೋಪಾಲಸ್ವಾಮಿ ಬೆಟ್ಟದ ತಪ್ಪಲಲ್ಲಿ ಬಸ್ಸಿಗೆ ಸಾಲುಗಟ್ಟಿದವರಲ್ಲಿ ಮೊದಲು ಬಂದವನೇ ಮೊದಲು ಹತ್ತುವುದು ನ್ಯಾಯ. ಗಣಕದಲ್ಲಿ ಇದೇ 'ಕ್ಯೂ'. ಒಂದರ ಮೇಲೊಂದು ಪೇರಿಸಿ, ಕೊನೆಗಿಟ್ಟುದನ್ನು ಮೊದಲು ತೆಗೆಯುವುದು 'ಸ್ಟ್ಯಾಕ್'; 1957ರಲ್ಲಿ ಜರ್ಮನಿಯ ಬಾವರ್ ಮತ್ತು ಸಾಮೆಲ್ಸನ್ ಇದಕ್ಕೆ ಪೇಟೆಂಟ್ ಕೋರಿದರು. ಆವರಣದೊಳಗೆ ಆವರಣವಿರುವ ಲೆಕ್ಕದಲ್ಲಿ ಕೊನೆಗೆ ತೆರೆದುದನ್ನೇ ಮೊದಲು ಮುಚ್ಚಬೇಕಷ್ಟೆ. ಅಲ್ಲಿ ಸ್ಟ್ಯಾಕೇ ಸರಿ.

ಆದರೆ ಚಾಮರಾಜನಗರದ ಕಚೇರಿಯೊಂದರಲ್ಲಿ ವಿದ್ಯಾರ್ಥಿವೇತನದ ಅರ್ಜಿಗಳನ್ನೂ ಹೀಗೆಯೇ ಪೇರಿಸಿದ್ದನ್ನು ಕಂಡೆ. ಎಲ್ಲರಿಗಿಂತ ಮೊದಲು ಕೊಟ್ಟ ನನ್ನ ಶಿಷ್ಯೆಯ ಅರ್ಜಿ ತಳದಲ್ಲಿತ್ತು. ಅದು ಮೇಲೆ ಬರುವ ಹೊತ್ತಿಗೆ ಶುಲ್ಕ ಕಟ್ಟುವ ದಿನ ಮೀರಿತ್ತು. ಯಾರಿಗೂ ಅವಳ ಮೇಲೆ ಹಗೆಯಿರಲಿಲ್ಲ. ಜೋಡಿಸಿದ ಕ್ರಮವೇ ಅನ್ಯಾಯವಾಗಿತ್ತು.

ಹೋದ ದಾರಿಯಲ್ಲೇ ಹಿಂದಿರುಗಬೇಕಾದ ಕೆಲಸಕ್ಕೆ ಸ್ಟ್ಯಾಕ್. ಕಾಯುವ ಮನುಷ್ಯರಿಗೆ ಕ್ಯೂ. ಪ್ರೋಗ್ರಾಮ್ ಬರೆಯುವ ನಮ್ಮ ಮಕ್ಕಳು ಇಷ್ಟನ್ನು ಮರೆಯದಿರಲಿ.